ಮೂರನೇ ಸಿಲಿಂಡರ್ ಮತ್ತು ಒಂದು ಟಾರ್ಚು

ನಗಲಿ ಬಿಡಿ. ನಕ್ಕಾಯಿತಲ್ಲ. ಮೂರು ದಿನ ಆ ವಿಮಾನದ ಎಂಜಿನ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತವನು ನಾನು. ನಮ್ಮ ಚೀಫ್, ಕ್ಯಾಡೆಟ್‌ಗಳು ಬಂದರು, ನಕ್ಕರು, ಟೀ ಕುಡಿಯಲು ಹೋದರು.

ಮೊದಲು ಆ ಸ್ನ್ಯಾಗ್, ಅಂದರೆ ವಿಮಾನದ ದೋಷದ ದೂರು, ಬರೆದವರು ಉತ್ತರ ಕೊಡಲಿ. "ಎಂಜಿನ್ ಬಿಸಿಯಾಗುತ್ತಿದೆ." ಅಷ್ಟೇ! ಯಾವ ಸಿಲಿಂಡರ್? ಏರುವಾಗಲಾ, ಮಟ್ಟಸವಾಗಿ ಹಾರುವಾಗಲಾ? ಗಾಳಿಗೆ ಎಷ್ಟು ಇಂಧನ ಅಂತ ನಿಗದಿ ಮಾಡುವ ಮಿಕ್ಸ್ಚರ್ ಲಿವರ್ ಎಲ್ಲಿತ್ತು? ಜ್ವರ ಬಂದವನು ಡಾಕ್ಟರಿಗೆ ಎರಡು ಮಾತಾದರೂ ಹೇಳುತ್ತಾನೆ. ಹಾರಾಟದ ಎಂಜಿನ್ ಡೇಟಾ ಇರುವ ಎಸ್‌ಡಿ ಕಾರ್ಡ್ ಕೇಳಿದೆ. ಎರಡು ದಿನ ಆದಮೇಲೆ ಯಾರದೋ ಬ್ಯಾಗಿನಿಂದ ಬಂತು.

ನೋಡಿದರೆ ಏರುವಾಗ ಮೂರನೇ ಸಿಲಿಂಡರ್ 465 ಡಿಗ್ರಿ ಫ್ಯಾರನ್‌ಹೀಟ್. ಉಳಿದವೂ ಮಾಮೂಲಿಗಿಂತ ಸ್ವಲ್ಪ ಮೇಲೆಯೇ, ಆದರೆ ಇದು ಕಣ್ಣಿಗೆ ಹೊಡೆಯುತ್ತಿತ್ತು. ಈ ಲೈಕಮಿಂಗ್ ಎಂಜಿನ್ನಿಗೆ ಕೆಂಪು ಗೆರೆ, ಅಂದರೆ ದಾಟಬಾರದ ಮಿತಿ, 500. "ದಾಟಿಲ್ಲವಲ್ಲ, ಬಿಡಿ" ಅಂದರು ಒಬ್ಬರು. ಬಿಡುವುದು ಹೇಗೆ? ಸಿಲಿಂಡರ್ ಹೆಡ್ ಅಲ್ಯೂಮಿನಿಯಂದು. ಬಿಸಿ ಏರಿದಷ್ಟೂ ಅದರ ಕಸುವು ಇಳಿಯುತ್ತದೆ. 400ರ ಒಳಗೆ ಇಟ್ಟುಕೊಂಡರೆ ಬಾಳುತ್ತದೆ. ಸಿಲಿಂಡರ್ ಬಿರುಕು ಬಿಟ್ಟರೆ ಮತ್ತೆ ಕರೆಯುವುದು ನನ್ನನ್ನೇ.

ನಾನೇನೂ ಸುಮ್ನೆ ಕೂತಿರಲಿಲ್ಲ. ಮೂರನೇದರ ಪ್ರೋಬ್, ಅಂದರೆ ಬಿಸಿ ಅಳೆಯುವ ಕಡ್ಡಿ, ತೆಗೆದು ಒಂದನೇದಕ್ಕೆ ಹಾಕಿದೆ, ಅದರದ್ದನ್ನು ಇದಕ್ಕೆ. ಬಿಸಿ ಮೂರರಲ್ಲೇ ಉಳಿಯಿತು. ಅಂದರೆ ಪ್ರೋಬ್ ಸುಳ್ಳು ಹೇಳುತ್ತಿಲ್ಲ. ಇಂಧನ ಚಿಮ್ಮಿಸುವ ನಾಝಲ್ ಕಟ್ಟಿಕೊಂಡಿದೆಯಾ? ಕಟ್ಟಿದ್ದರೆ ಆ ಸಿಲಿಂಡರಿನ ಇಜಿಟಿ, ಅಂದರೆ ಹೊರಬರುವ ಹೊಗೆಯ ಬಿಸಿ, ಬೇರೆಯವಕ್ಕಿಂತ ಎದ್ದು ಕಾಣಬೇಕಿತ್ತು, ಕಾಣಲಿಲ್ಲ. ಆದರೂ ಬಿಚ್ಚಿ ತೊಳೆದೆ. ಮ್ಯಾಗ್ನೆಟೋ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಎಂಜಿನ್ ಪ್ಲೇಟಿನ ಮೇಲೆ ಬರೆದಿದ್ದಷ್ಟೇ. ಅದು ಮುಂದೆ ಹೋಗಿದ್ದರೆ ನಾಲ್ಕೂ ಕುದಿಯುತ್ತಿದ್ದವು. ಕಂಪ್ರೆಷನ್ 80ಕ್ಕೆ 76, ಚೆನ್ನಾಗಿದೆ. ಇನ್‌ಟೇಕ್ ಗ್ಯಾಸ್ಕೆಟ್ ಸೋರುತ್ತಿಲ್ಲ. ಹಾಗಾದರೆ ಉಳಿಯುವುದು ಗಾಳಿ. ಅದನ್ನು ಸಿಲಿಂಡರ್‌ಗಳ ಮೇಲೆ ಹಾಯಿಸುವ ತಗಡು, ಬ್ಯಾಫಲ್. ನಾನು ಮೊದಲನೇ ದಿನವೇ ಹೇಳಿದ್ದೆ ಗಾಳಿ ಅಂತ! ಹೇಳಿದ್ದೆ ತಾನೇ? ಅದಕ್ಕೇ ಎಂಜಿನ್ನಿನ ಮುಚ್ಚಳ, ಕೌಲಿಂಗ್, ಬಿಚ್ಚಿ ಬ್ಯಾಫಲಿನ ರಬ್ಬರ್ ಸೀಲ್ ಉದ್ದಕ್ಕೂ ಬೆರಳಾಡಿಸಿ ನೋಡಿದೆ. ಹರಿದಿಲ್ಲ. ನೆಟ್ಟಗೆ ನಿಂತಿದೆ. ಮತ್ತೆ ಮುಚ್ಚಿದೆ. ಮತ್ತೆ ಬಿಸಿ. ಮತ್ತೆ ಬಿಚ್ಚಿದೆ. ಮತ್ತೆ ನೆಟ್ಟಗೆ.

ಇವತ್ತು ಬೆಳಿಗ್ಗೆ ಚೀಫ್ ಬಂದರು. ಹಿಂದೆ ಏಳೆಂಟು ಕ್ಯಾಡೆಟ್‌ಗಳು. "ಏನ್ರೀ, ಇನ್ನೂ ಆಗಲಿಲ್ವಾ?" ಅಂದರು. ನಾನು ಪ್ರೋಬ್, ಇಜಿಟಿ ಅಂತ ವಿವರಿಸುತ್ತಿದ್ದೆ. ಒಬ್ಬ ಕ್ಯಾಡೆಟ್ ಬರೆದುಕೊಳ್ಳುತ್ತಲೂ ಇದ್ದ, ಪಾಪ. ಅಷ್ಟರಲ್ಲಿ ವಿಮಾನ ತೊಳೆಯುವ ಅಣ್ಣ ಬಕೆಟ್ ಕೆಳಗಿಟ್ಟ. ಪ್ರೊಪೆಲರ್ ಪಕ್ಕ ಬಗ್ಗಿದ. ಮುಂದಿನ ಗಾಳಿ ಕಿಂಡಿಯಲ್ಲಿ ಟಾರ್ಚ್ ಬಿಟ್ಟ.

"ಸಾರ್, ಹಿಂದ್ಗಡೆ ಮೂಲೇಲಿ ರಬ್ಬರ್ ಮಡಚ್ಕೊಂಡೈತೆ. ಬೆಳಕು ಆಚೆಗೆ ಹೋಗ್ತಾ ಐತೆ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಚೀಫ್ ಬಗ್ಗಿ ನೋಡಿದರು. ಎದ್ದರು. ನನ್ನನ್ನು ನೋಡಿದರು. ಕ್ಯಾಡೆಟ್‌ಗಳ ಕಡೆ ತಿರುಗಿ, "ನೋಡ್ರಪ್ಪಾ, ಲೈಸೆನ್ಸ್ ಇವರದ್ದು, ಕಣ್ಣು ಅವನದ್ದು" ಅಂದರು. ಆ ನಗು! ಬರೆದುಕೊಳ್ಳುತ್ತಿದ್ದವನೂ ನಕ್ಕ. ಪುಸ್ತಕ ಮುಚ್ಚಿ ನಕ್ಕ. ನನ್ನ ಕೈಯಲ್ಲಿ ಆಗಲೂ ಸ್ಕ್ರೂಡ್ರೈವರ್ ಇತ್ತು. ಎಲ್ಲಿ ಇಡಬೇಕು ಅಂತ ತಿಳಿಯಲಿಲ್ಲ.

ಆದದ್ದೇನು ಅಂದರೆ, ಕೌಲಿಂಗ್ ಮುಚ್ಚುವಾಗ ಆ ಮೂಲೆಯ ಸೀಲ್ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ಅದು ಮುಂದಕ್ಕೆ ಬಾಗಿರಬೇಕು. ಆಗ ಒಳಗೆ ಬರುವ ಗಾಳಿಯೇ ಅದನ್ನು ಕೌಲಿಂಗಿಗೆ ಒತ್ತಿ ಹಿಡಿಯುತ್ತದೆ, ಸಿಲಿಂಡರಿನ ಮೈಮೇಲಿನ ತೆಳು ರೆಕ್ಕೆಗಳ, ಅಂದರೆ ಫಿನ್‌ಗಳ, ನಡುವೆ ಕೆಳಗಿಳಿಯುತ್ತದೆ. ಹಿಂದಕ್ಕೆ ಬಾಗಿದರೆ ಗಾಳಿ ಫಿನ್ ಮುಟ್ಟದೆ ಹಿಂದಿನಿಂದ ಓಡಿಹೋಗುತ್ತದೆ. ಆದರೆ ನಾನು ಕೌಲಿಂಗ್ ಎತ್ತಿದ ತಕ್ಷಣ ಆ ದರಿದ್ರ ರಬ್ಬರ್ ನೆಟ್ಟಗಾಗುತ್ತಿತ್ತು! ದೋಷ ಹುಡುಕಲು ಬಿಚ್ಚಿದರೆ ದೋಷವೇ ಇಲ್ಲ. ಇದಕ್ಕೆ ಯಾರನ್ನು ಬೈಯಲಿ?

ಅಣ್ಣನನ್ನಂತೂ ಅಲ್ಲ. ಮಧ್ಯಾಹ್ನ ನನಗೆ ಟೀ ತಂದುಕೊಟ್ಟ. ಅದು ಇನ್ನೂ ಜಾಸ್ತಿ ಉರಿಯಿತು.

ಹೋದ ಸಲ ಕೌಲಿಂಗ್ ಮುಚ್ಚಿದವನು ನಾನಲ್ಲ. ಸಹಿ ಮಾತ್ರ ನನ್ನದು. ಸರಿ, ಈ ಮೂರು ದಿನ ಮುಚ್ಚಿದ್ದು ನಾನೇ. ನಾಲ್ಕು ಸಲ. ನಾಲ್ಕೂ ಸಲ ಮಡಚಿದ್ದು ನಾನೇ. ಮನೆಯಲ್ಲಿ ಕುಕ್ಕರ್ ಪಕ್ಕದಿಂದ ಹಬೆ ಬಿಟ್ಟರೆ "ಗ್ಯಾಸ್ಕೆಟ್ ಸರಿಯಾಗಿ ಕೂರಿಸಿಲ್ಲ ನೀನು" ಅಂತ ಹೆಂಡತಿಗೆ ಭಾಷಣ ಮಾಡುವ ಮಹಾಶಯ ನಾನೇ.

ಆದರೂ ಕೇಳುತ್ತೇನೆ. ಆ ಕಾರ್ಡ್ ಮೊದಲ ದಿನವೇ ಕೊಟ್ಟಿದ್ದರೆ? "ಏರುವಾಗ, ಮೂರನೇದು" ಅಂತ ಎರಡು ಪದ ಬರೆದಿದ್ದರೆ? ನಾಝಲ್ ಬಿಚ್ಚದೆ ನೇರ ಗಾಳಿಯ ಹಿಂದೆ ಬೀಳುತ್ತಿದ್ದೆ. ಆಗಲಾದರೂ ಕಿಂಡಿಯಲ್ಲಿ ಟಾರ್ಚ್ ಬಿಡುತ್ತಿದ್ದೆನಾ? ಗೊತ್ತಿಲ್ಲ. ಬಹುಶಃ ಇಲ್ಲ. ಹೋಗಲಿ ಬಿಡಿ, ಸಿಲಿಂಡರ್ ತಣ್ಣಗಾಯಿತಲ್ಲ, ಸಂಜೆ ಏರುವಾಗ 390.

ಹೊರಡುವ ಹೊತ್ತಿಗೆ ಪಕ್ಕದ ವಿಮಾನದ ಸ್ನ್ಯಾಗ್ ಬಂತು. ಅದೇ ಕೈಬರಹ. "ಎಂಜಿನ್ ಒರಟಾಗಿ ಓಡುತ್ತಿದೆ."

ಅಷ್ಟೇ.