ಕೀ ಕೊಟ್ಟರು, ಗಾಳಿ ನೋಡಲಿಲ್ಲ

ಬೈಕ್ ಷೋರೂಂಗಳಲ್ಲಿ ಎರಡು ಅಡಿ ಉದ್ದದ ಒಂದು ರಟ್ಟಿನ ಕೀ ಇರುತ್ತದಲ್ಲ, ಅದನ್ನು ಕಂಡುಹಿಡಿದವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅವರ ಹತ್ತಿರ ಎರಡು ಮಾತು ಆಡುವುದಿದೆ.

ನಿನ್ನೆ ಶಿವಮೊಗ್ಗದಲ್ಲಿ ಅಕ್ಕನ ಮಗನ ಹೊಸ ಬೈಕ್ ಡೆಲಿವರಿ ಇತ್ತು. ಅವನ ಮೊದಲ ಬೈಕ್, ಸ್ವಂತ ಸಂಬಳದ್ದು. ಅವರೆಲ್ಲ ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಬಂದರು. ನಾನು ನನ್ನ ಬೈಕಿನಲ್ಲೇ ಹೋದೆ, ವಾಪಸ್ ಬರುವಾಗ ಹುಡುಗನ ಹಿಂದೆ ಬರೋಣ ಅಂತ. ಇಂಥದ್ದಕ್ಕೆಲ್ಲ ನನ್ನನ್ನೇ ಯಾಕೆ ಕರೆಯುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಕಡೆ ಇನ್ನೂ ‘ಆ ಬೈಕ್ ಟೀಚರಮ್ಮ’ ಅಂದರೆ ಮನೆ ತೋರಿಸುತ್ತಾರೆ.

ಒಳಗೆ ಹೋದರೆ ಮದುವೆ ಮನೆ. ಬೈಕಿಗೆ ಕೆಂಪು ಬಟ್ಟೆ ಹೊದಿಸಿದ್ದರು. ಹುಡುಗನ ಕೈಯಲ್ಲಿ ಬಟ್ಟೆ ಎಳೆಸಿದರು. ಎಲ್ಲರೂ ಚಪ್ಪಾಳೆ. ಕೇಕ್ ಬಂತು. ಸ್ಪೀಕರಿನಲ್ಲಿ ಹಾಡು ಬಂತು. ಆಮೇಲೆ ಆ ರಟ್ಟಿನ ಕೀ. ಅಕ್ಕ ಒಂದು ಕಡೆ, ಭಾವ ಒಂದು ಕಡೆ, ನಡುವೆ ಮಗ, ಎಲ್ಲರ ಕೈ ಆ ಕೀ ಮೇಲೆ. ‘ಮೇಡಂ, ನೀವೂ ಸ್ವಲ್ಪ ಒಳಗೆ ಬನ್ನಿ’ ಅಂತ ನನಗೂ ಆಹ್ವಾನ. ಒಂದು ಫೋಟೊ ಚೆನ್ನಾಗಿ ಬರಲಿಲ್ಲ, ಮತ್ತೊಂದು. ರೀಲ್ಸ್‌ಗೆ ಬೇರೆ. ರೀಲ್ಸ್‌ಗೆ ಕೆಂಪು ಬಟ್ಟೆಯನ್ನು ಪುನಃ ಹೊದಿಸಿ ಪುನಃ ಎಳೆಸಿದರು!

ಪೂಜೆ ಬಗ್ಗೆ ನನ್ನ ತಕರಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚೆಂಡು ಹೂವಿನ ಹಾರ, ಅರಿಶಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು, ಎಲ್ಲ ಬೇಕು ನನಗೆ. ಆಯುಧ ಪೂಜೆಗೆ ನನ್ನ ಗಾಡಿ ತೊಳೆಯೋಕೆ ಬೇರೆಯವರನ್ನು ಬಿಡುವವಳಲ್ಲ ನಾನು. ನನ್ನ ಸಿಟ್ಟು ಬೇರೆ.

ಇಷ್ಟೆಲ್ಲ ಆದಮೇಲೆ ಸೇಲ್ಸ್ ಹುಡುಗ ಭಾವನ ಕೈಗೆ ಒಂದು ಫೈಲ್ ಕೊಟ್ಟು, ‘ಆಯ್ತು ಸರ್, ಇನ್ನು ಹೊರಡಬಹುದು’ ಅಂದ.

ಅಷ್ಟೇ. ಗಾಡಿ ಓಡಿಸುವವನಿಗೆ ಗಾಡಿ ಬಗ್ಗೆ ಒಂದು ಮಾತಿಲ್ಲ.

ಸುಳ್ಳು ಹೇಳಬಾರದು, ಒಂದನ್ನು ಮಾತ್ರ ಬಹಳ ಶ್ರದ್ಧೆಯಿಂದ ಹೇಳಿಕೊಟ್ಟರು. ಮೊಬೈಲನ್ನು ಬ್ಲೂಟೂತ್‌ನಲ್ಲಿ ಸ್ಪೀಡೋಮೀಟರಿಗೆ ಜೋಡಿಸುವುದು ಹೇಗೆ ಅಂತ. ಓಡಿಸುವಾಗ ಯಾರ ಫೋನ್ ಬಂತು ಅಂತ ಅಲ್ಲೇ ಕಾಣುತ್ತದಂತೆ. ಗಾಡಿ ಇನ್ನೂ ಗೇಟ್ ದಾಟಿಲ್ಲ, ಹುಡುಗನ ಗಮನ ರಸ್ತೆಯಿಂದ ತಪ್ಪಿಸುವ ವ್ಯವಸ್ಥೆ ರೆಡಿ.

ಗೇಟ್ ಹತ್ತಿರ ಏನಾಯಿತು ಕೇಳಿ. ಹುಡುಗ ಸ್ಟಾರ್ಟ್ ಮಾಡಿದ, ಕ್ಲಚ್ ಹಿಡಿದ, ಗೇರ್ ಹಾಕಿದ. ಎಂಜಿನ್ ಆಫ್. ಮತ್ತೆ ಸ್ಟಾರ್ಟ್, ಮತ್ತೆ ಗೇರ್, ಮತ್ತೆ ಆಫ್. ಅಕ್ಕನ ಮುಖ ಸಣ್ಣಗಾಯಿತು. ‘ಹೊಸ ಗಾಡಿ, ಇದೇನೇ ಅಪಶಕುನ’ ಅಂತ ನನ್ನ ಕಿವಿಯಲ್ಲಿ ಅಂದಳು. ಅಪಶಕುನವೂ ಇಲ್ಲ, ಏನೂ ಇಲ್ಲ. ಸೈಡ್ ಸ್ಟ್ಯಾಂಡ್ ಎತ್ತಿರಲಿಲ್ಲ. ಸ್ಟ್ಯಾಂಡ್ ಕೆಳಗಿದ್ದು ಗೇರ್ ಹಾಕಿದರೆ ಎಂಜಿನ್ ತಾನಾಗಿ ನಿಲ್ಲುವ ಹಾಗೆ ಈಗಿನ ಗಾಡಿಗಳಲ್ಲಿ ಸೆನ್ಸರ್ ಇಟ್ಟಿದ್ದಾರೆ. ಒಳ್ಳೆಯದೇ. ಸ್ಟ್ಯಾಂಡ್ ಎತ್ತದೆ ಹೊರಟು ತಿರುವಿನಲ್ಲಿ ಬಿದ್ದವರು ಎಷ್ಟು ಜನ ನಮಗೆ ಗೊತ್ತಿಲ್ವಾ. ಆದರೆ ಅದನ್ನು ಹೇಳಲು ಎಷ್ಟು ಹೊತ್ತು ಬೇಕು? ಕೇಕಿಗೆ ಮೇಣದಬತ್ತಿ ಹಚ್ಚುವಷ್ಟು ಹೊತ್ತೂ ಬೇಡ.

ನಾನು ಗಾಡಿ ಬದಿಗೆ ಹಾಕಿಸಿದೆ. ಆಗ ಒಂದೊಂದೇ ಕಣ್ಣಿಗೆ ಬಿತ್ತು. ಎರಡೂ ಕನ್ನಡಿ ಸಡಿಲ, ಮುಟ್ಟಿದರೆ ತಿರುಗುತ್ತಿತ್ತು. ಫೋಟೊಗೆ ಚೆಂದ ಕಾಣಲಿ ಅಂತ ಒಳಗೆ ತಿರುಗಿಸಿದ್ದವರು ಹಾಗೇ ಬಿಟ್ಟಿದ್ದರು. ಸೀಟಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು, ಬ್ರೇಕ್ ಹಿಡಿದರೆ ಕೂತವನು ಜಾರಿ ಟ್ಯಾಂಕಿಗೆ ಬರಬೇಕು. ಹಾರವನ್ನು ಹ್ಯಾಂಡಲ್‌ಗೆ ಸುತ್ತಿದ್ದರು, ಅದರ ದಾರ ಮುಂದಿನ ಬ್ರೇಕಿನ ಲಿವರ್ ಒಳಗೆ ಸಿಕ್ಕಿತ್ತು. ದೇವರಿಗೆ ಹಾಕಿದ ಹಾರ ಸ್ವಾಮಿ, ಬ್ರೇಕಿಗಲ್ಲ. ಬಿಚ್ಚಿ ಅಕ್ಕನ ಬ್ಯಾಗಿಗೆ ಹಾಕಿದೆ. ಅಕ್ಕ ಏನೂ ಅನ್ನಲಿಲ್ಲ, ಆದರೆ ನೋಡಿದ ನೋಟ ಇದೆಯಲ್ಲ...

ಪೆಟ್ರೋಲ್ ಗೇಜಿನಲ್ಲಿ ಕೊನೆಯ ಕಡ್ಡಿ ಮಿಣುಕುತ್ತಿತ್ತು. ಇದು ಎಲ್ಲ ಕಡೆಯ ಕಥೆ, ಬಿಡಿ. ಪಕ್ಕದ ಬಂಕಿಗೆ ಹೋಗಿ, ಪೆಟ್ರೋಲ್ ಹಾಕಿಸಿ, ಗಾಳಿ ನೋಡಿಸಿದೆ. ಇಂಥ ಬೈಕಿಗೆ ಒಬ್ಬರೇ ಹೋಗುವಾಗ ಟೈರಿನ ಒತ್ತಡ ಮುಂದೆ 25, ಹಿಂದೆ 28 ಪಿಎಸ್‌ಐ ಆಸುಪಾಸು ಇರಬೇಕು. ಗಾಡಿಯ ಮೇಲಿನ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ. ಮೀಟರ್ ಎರಡಕ್ಕೂ 40ರ ಮೇಲೆ ತೋರಿಸಿತು. ಕಾರ್ಖಾನೆಯಿಂದ ಲಾರಿಯಲ್ಲಿ ಬರುವಾಗ ಗಾಳಿ ಜಾಸ್ತಿ ತುಂಬಿರುತ್ತಾರೆ. ಅದನ್ನು ಸರಿಯಾದ ಮಟ್ಟಕ್ಕೆ ತರುವುದು ಡೆಲಿವರಿಗೆ ಮುಂಚೆ ಷೋರೂಂ ಮಾಡಬೇಕಾದ ಕೆಲಸ. ಫೈಲಿನಲ್ಲಿ ಅದಕ್ಕೊಂದು ಹಾಳೆ ಇತ್ತು. ಟೈರ್ ಪ್ರೆಷರ್ ಎದುರು ಟಿಕ್ ಮಾರ್ಕ್. ಕನ್ನಡಿ ಎದುರೂ ಟಿಕ್ ಮಾರ್ಕ್. ಒಂದೇ ಪೆನ್ನಿನಲ್ಲಿ, ಒಂದೇ ಏಟಿಗೆ, ಮೇಲಿಂದ ಕೆಳಗೆ.

ಗಟ್ಟಿ ಗಾಳಿ ತುಂಬಿದ ಹೊಸ ಟೈರು, ಅದರ ಮೇಲೆ ಮೊದಲ ಸಲ ಕೂತ ಹುಡುಗ. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ರಬ್ಬರಿನ ಸಣ್ಣ ಸಣ್ಣ ಕೂದಲು ಇನ್ನೂ ಉದುರಿರುವುದಿಲ್ಲ. ನೂರಾರು ಕಿಲೋಮೀಟರ್ ಓಡಿ ಸ್ವಲ್ಪ ಒರಟಾಗುವ ತನಕ ತಿರುವಿನಲ್ಲಿ ಅದನ್ನು ನಂಬಬಾರದು. ಬ್ರೇಕ್ ಪ್ಯಾಡ್ ಕೂಡ ಹಾಗೇ, ಡಿಸ್ಕಿಗೆ ಹೊಂದಿಕೊಳ್ಳುವ ತನಕ ಪೂರ್ತಿ ಹಿಡಿತ ಸಿಗಲ್ಲ. ಅಂದರೆ ಗಾಡಿ ಅತಿ ಕಡಿಮೆ ಹಿಡಿತ ಕೊಡುವ ದಿನವೇ ಓಡಿಸುವವನಿಗೂ ಅತಿ ಕಡಿಮೆ ಗೊತ್ತಿರುತ್ತದೆ. ಆ ದಿನವೇ ನಾವು ಅವನ ಹಿಂದೆ ಅಮ್ಮನನ್ನೋ ತಂಗಿಯನ್ನೋ ಕೂರಿಸಿ, ಕೈಗೊಂದು ಸ್ವೀಟ್ ಬಾಕ್ಸ್ ಕೊಟ್ಟು, ದೇವಸ್ಥಾನಕ್ಕೆ ಹೋಗಿ ಬನ್ನಿ ಅನ್ನುತ್ತೇವೆ! ನಿನ್ನೆ ಭಾವ ಹಿಂದೆ ಕೂರುವುದಾಗಿ ಹೊರಟಿದ್ದರು. ನಾನು ಬಿಡಲಿಲ್ಲ. ‘ನನ್ನ ಮಗನ ಗಾಡಿಯಲ್ಲಿ ನಾನು ಕೂರೋಕೂ ನಿನ್ನ ಪರ್ಮಿಷನ್ ಬೇಕೇನಮ್ಮ’ ಅಂದರು. ಹೌದು ಭಾವ, ಇವತ್ತೊಂದು ದಿನ ಬೇಕು ಅಂದೆ. ಇಬ್ಬರನ್ನೂ ಬಸ್ಸಿಗೆ ಹತ್ತಿಸಿದೆ.

‘ಅಲ್ಲ, ಷೋರೂಂ ಅಂದರೆ ಡ್ರೈವಿಂಗ್ ಸ್ಕೂಲಾ? ಲೈಸೆನ್ಸ್ ಇರುವವನಿಗೆ ಇದನ್ನೆಲ್ಲ ಯಾಕೆ ಹೇಳಬೇಕು?’ ಅಂತ ನೀವು ಕೇಳಬಹುದು. ಸೇಲ್ಸ್ ಹುಡುಗನೂ ಅದನ್ನೇ ಕೇಳಿದ, ನಯವಾಗಿ. ಲೈಸೆನ್ಸ್ ಬಗ್ಗೆ ನಾವು ನಾವೇ ಮಾತಾಡೋಣ ಬಿಡಿ. ಕಲಿಯುವವರ ಲೈಸೆನ್ಸ್ (ಎಲ್‌ಎಲ್) ಮಾಡಿಸಿ 30 ದಿನ ಕಳೆದ ಮೇಲೆ ಮೈದಾನದಲ್ಲಿ ಕಾಲು ಊರದೆ ಎಂಟು ಹಾಕಿದರೆ ಕೈಗೆ ಲೈಸೆನ್ಸ್. ಎಂಟು ಹಾಕುವುದು ನಿಧಾನಕ್ಕೆ ಬ್ಯಾಲೆನ್ಸ್ ಮಾಡುವ ವಿದ್ಯೆ. ಎದುರಿಂದ ಬಸ್ ಬಂದಾಗ ಬ್ರೇಕ್ ಹೇಗೆ ಹಿಡಿಯಬೇಕು ಅಂತ ಆ ಎಂಟರಲ್ಲಿ ಎಲ್ಲಿದೆ? ಏರಿನಲ್ಲಿ ನಿಂತ ಗಾಡಿಯನ್ನು ಹಿಂದೆ ಸರಿಯದ ಹಾಗೆ ಎತ್ತುವುದು ಎಲ್ಲಿದೆ? ಮಳೆ ಎಲ್ಲಿದೆ? ಮಲೆನಾಡಿನಲ್ಲಿ ಮಳೆ ಇಲ್ಲದ ಪರೀಕ್ಷೆ ಪಾಸಾಗಿ ಏನು ಪ್ರಯೋಜನ ಹೇಳಿ.

ಇನ್ನೊಂದು ವಾದ ನಮ್ಮ ಭಾವನದು. ‘ನಮಗೆಲ್ಲ ಯಾರು ಹೇಳಿಕೊಟ್ಟಿದ್ದರು? ನಾವು ಕಲೀಲಿಲ್ವಾ?’ ಭಾವ, ನಿಮ್ಮ ಹಳೇ ಹೀರೋ ಹೋಂಡಾ ಸಿಡಿ 100 ಒಳ್ಳೆಯ ಗಾಡಿ, ಇಲ್ಲ ಅನ್ನಲ್ಲ. ಎಕ್ಸಲರೇಟರ್ ಪೂರ್ತಿ ತಿರುವಿದರೂ ಅದು ನಿಮ್ಮನ್ನು ಕೇಳಿಕೊಂಡೇ ಮುಂದೆ ಹೋಗುತ್ತಿತ್ತು. ಈಗ ಮೊದಲ ಗಾಡಿಯಾಗಿಯೇ ಹುಡುಗರು ಅದರ ಎರಡು ಪಟ್ಟು ಶಕ್ತಿಯ ಬೈಕ್ ತಗೊಳ್ಳುತ್ತಾರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದ ಮೇಲಂತೂ ‘ಇನ್ನೊಂದು ಸ್ವಲ್ಪ ಹಾಕಿದರೆ ದೊಡ್ಡದೇ ಬರುತ್ತಲ್ಲ’ ಅನ್ನುವುದು ಎಲ್ಲರ ಲೆಕ್ಕ.

ಅಷ್ಟಕ್ಕೂ ಹಿಂದೆ ಯಾರೂ ಹೇಳಿಕೊಡುತ್ತಿರಲಿಲ್ಲ ಅನ್ನುವುದೇ ಸುಳ್ಳು. ನಮ್ಮಪ್ಪ ಯೆಜ್ಡಿ ತಂದಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದು, 1996ರಲ್ಲಿ ಬಾಗಿಲು ಹಾಕಿತಲ್ಲ, ಅದೇ. ಆ ಗಾಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಸ್ಟಾರ್ಟ್ ಆದಮೇಲೆ ಅದನ್ನೇ ಮುಂದಕ್ಕೆ ತಿರುಗಿಸಿ ಗೇರ್ ಹಾಕಬೇಕು. ಪೆಟ್ರೋಲಿಗೆ ಅಳತೆ ಮಾಡಿ ಆಯಿಲ್ ಬೆರೆಸಬೇಕು, ಮರೆತರೆ ಎಂಜಿನ್ ಒಳಗೇ ಹಿಡಿದುಕೊಂಡು ಸೀಜ್. ಹೇಳಿಕೊಡದೆ ಅದು ಮನೆ ಮುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಎಲ್ಲ ತೋರಿಸಿ, ಒಂದು ರೌಂಡ್ ಹೊಡೆಸಿ, ಆಮೇಲೆ ಬಿಟ್ಟರಂತೆ. ಈಗಿನ ಗಾಡಿ ಬಟನ್ ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಸ್ಟಾರ್ಟ್ ಆಯಿತು ಅಂದರೆ ಓಡಿಸೋಕೆ ಬಂತು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲೇ ಎಡವಟ್ಟು.

ಮತ್ತೆ ಹೆಲ್ಮೆಟ್. ಬೈಕ್ ಕೊಳ್ಳುವಾಗಲೇ ಐಎಸ್‌ಐ ಗುರುತಿನ ಹೆಲ್ಮೆಟ್ ಒಂದನ್ನು ಕೊಡಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲೇ ಇದೆ. ನಮ್ಮ ಬಿಲ್ಲಿನಲ್ಲಿ ಅದು ‘ಆಕ್ಸೆಸರೀಸ್’ ಪಟ್ಟಿಯಲ್ಲಿತ್ತು, ಕ್ರ್ಯಾಷ್ ಗಾರ್ಡ್ ಮತ್ತು ಸೀಟ್ ಕವರಿನ ನಡುವೆ, ದುಡ್ಡಿನ ಸಮೇತ. ನಿಯಮದ ಹೆಸರು ಎತ್ತಿದ ಮೇಲೆ ಮ್ಯಾನೇಜರ್ ಹೊರಗೆ ಬಂದರು. ಎಷ್ಟು ಗೌರವ ಬಂತು ಅಂತೀರಿ, ಕಾಫಿ ತರಿಸಿದರು! ಹೆಲ್ಮೆಟ್ ಹಾಕಿಸಿ ನೋಡಿದರೆ ಹುಡುಗನ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು. ಸೈಜ್ ಕೇಳಿಯೇ ಇರಲಿಲ್ಲ. ಬದಲಾಯಿಸಿಕೊಂಡು, ಪಟ್ಟಿ ಗದ್ದಕ್ಕೆ ಬಿಗಿಸಿ, ಹಿಂದಿನಿಂದ ಎಳೆದು ನೋಡಿದೆ. ಹೆಲ್ಮೆಟ್ ಇಲ್ಲದಿದ್ದರೆ 500 ರೂಪಾಯಿ ದಂಡ ಅಂತ ಎಲ್ಲರಿಗೂ ಬಾಯಿಪಾಠ. ಪಟ್ಟಿ ಹಾಕದಿದ್ದರೆ ಬೀಳುವಾಗ ತಲೆಗಿಂತ ಮೊದಲು ಹೆಲ್ಮೆಟ್ಟೇ ಹಾರಿಹೋಗುತ್ತದೆ ಅನ್ನುವುದು ಮಾತ್ರ ಯಾರಿಗೂ ನೆನಪಿರಲ್ಲ.

ನೇರ ಹೈವೇಗೆ ಬಿಡುವ ಧೈರ್ಯ ನನಗಾಗಲಿಲ್ಲ. ಊರ ಹೊರಗೆ ಹೊಸ ಲೇಔಟುಗಳು ಎದ್ದಿವೆಯಲ್ಲ, ರಸ್ತೆ ಇದೆ, ಮನೆ ಇಲ್ಲ. ಅಂಥದ್ದೊಂದಕ್ಕೆ ಕರೆದುಕೊಂಡು ಹೋದೆ. ಮೊದಲು ಕ್ಲಚ್. ಎಕ್ಸಲರೇಟರ್ ಮುಟ್ಟದೆ, ಕ್ಲಚ್ ನಿಧಾನ ಬಿಡುತ್ತಾ ಗಾಡಿ ತಾನಾಗಿ ಮುಂದೆ ಎಳೆಯುವ ಜಾಗ ಎಲ್ಲಿದೆ ಅಂತ ಹುಡುಕಿಸಿದೆ. ಆಮೇಲೆ ಬ್ರೇಕ್. ‘ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಹೊಡೀತೀಯ’ ಅಂತ ಇವನ ತಲೆಯಲ್ಲಿ ಚಿಕ್ಕಂದಿನಿಂದ ತುಂಬಿಬಿಟ್ಟಿದ್ದಾರೆ ಭಾವ. ಭಾವ ಒಬ್ಬರೇ ಅಲ್ಲ, ಇಡೀ ಕರ್ನಾಟಕದ ಅಪ್ಪಂದಿರು! ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ. ಹಾಗಾಗಿ ಗಾಡಿ ನಿಲ್ಲಿಸುವ ಶಕ್ತಿ ಹೆಚ್ಚಿರುವುದೇ ಮುಂದಿನ ಬ್ರೇಕಿಗೆ. ಗಬಕ್ಕನೆ ಹಿಡಿಯಬಾರದು, ಹಿಂಡುತ್ತಾ ಹೋಗಬೇಕು, ಹಿಂದಿನದನ್ನೂ ಜೊತೆಗೆ ಒತ್ತಬೇಕು. 125 ಸಿಸಿ ಮೇಲಿನ ಎಲ್ಲ ಹೊಸ ಗಾಡಿಗೂ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ, ಅಂದರೆ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ. ಇವನ ಗಾಡಿಯಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದನ್ನು ಜೋರಾಗಿ ತುಳಿದರೆ ಚಕ್ರ ಲಾಕ್ ಆಗಿ ಜಾರುತ್ತದೆ. ಅಂದರೆ ಅಪ್ಪ ಹೇಳಿದ ಹಾಗೆ ಹಿಂದಿನ ಬ್ರೇಕನ್ನೇ ನಂಬಿದವನು ಎಬಿಎಸ್‌ಗೆ ದುಡ್ಡು ಕೊಟ್ಟೂ ಅದು ಇಲ್ಲದ ಬ್ರೇಕನ್ನೇ ಬಳಸುತ್ತಾನೆ. ಖಾಲಿ ರಸ್ತೆಯಲ್ಲಿ ಗಟ್ಟಿಯಾಗಿ ಹಿಂಡಿಸಿದಾಗ ಲಿವರ್ ಬೆರಳಿಗೆ ಟಕಟಕ ಅಂತ ಹೊಡೆಯಿತು. ಹುಡುಗ ಬೆಚ್ಚಿ ಕೈ ಬಿಟ್ಟ. ‘ಬಿಡಬೇಡ, ಅದು ಕೆಲಸ ಮಾಡ್ತಿದೆ’ ಅಂತ ಕೂಗಿದೆ. ಇದೇ ಬೆಚ್ಚುವಿಕೆ ತೀರ್ಥಹಳ್ಳಿ ದಾರಿಯ ಮಂಡಗದ್ದೆ ತಿರುವಿನಲ್ಲಿ ಮೊದಲ ಸಲ ಆಗಿದ್ದರೆ?

ಹೊರಡುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಕತ್ತಲಾಗುವ ಮೊದಲು ಮನೆ ಸೇರಬೇಕು ಅನ್ನುವುದೊಂದೇ ನನ್ನ ಷರತ್ತು. ಸುಮಾರು 60 ಕಿಲೋಮೀಟರ್ ದಾರಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ಪಕ್ಕದಲ್ಲೇ ತುಂಗೆ. ಚೆಂದದ ರಸ್ತೆ, ಅದಕ್ಕೇ ಕಣ್ಣು ಆ ಕಡೆ ಹೋಗುತ್ತದೆ. ಮರದ ನೆರಳಿರುವ ತಿರುವಿನಲ್ಲಿ ಒದ್ದೆ ಎಲೆ ಇರುತ್ತದೆ. ಹಿಂದಿನಿಂದ ನಮ್ಮ ಖಾಸಗಿ ಬಸ್ಸುಗಳು ಬರುತ್ತವೆ, ಅವುಗಳ ಬಗ್ಗೆ ಬೇರೆಯೇ ಪೋಸ್ಟ್ ಬರೆಯಬೇಕು. ಹಾರ್ನ್ ಹೊಡೆದರೆ ಎಡಕ್ಕೆ ಸರಿದು ದಾರಿ ಬಿಡು, ರೇಸ್ ಬೇಡ ಅಂದಿದ್ದೆ. ಹೊಸ ಎಂಜಿನ್, ಮ್ಯಾನ್ಯುಯಲ್‌ನಲ್ಲಿ ಹೇಳಿದ ವೇಗ ದಾಟಬೇಡ, ಒಂದೇ ವೇಗದಲ್ಲಿ ತುಂಬಾ ಹೊತ್ತು ಹಿಡಿಯಲೂ ಬೇಡ ಅಂದಿದ್ದೆ. ಹಿಂದೆಲ್ಲ ಹೊಸ ಗಾಡಿಯ ಹಿಂಬದಿಗೆ ‘ರನ್ನಿಂಗ್ ಇನ್’ (ಎಂಜಿನ್ ಇನ್ನೂ ಪಳಗುತ್ತಿದೆ) ಅಂತ ಚೀಟಿ ಅಂಟಿಸುತ್ತಿದ್ದರು, ಹಿಂದೆ ಬರುವವರು ಸ್ವಲ್ಪ ಸಮಾಧಾನ ಮಾಡಿಕೊಳ್ಳಲಿ ಅಂತ. ಈಗ ಅಂಟಿಸುವುದು ಷೋರೂಂ ಹೆಸರಿನ ಸ್ಟಿಕ್ಕರ್.

ನಿಜ ಹೇಳಲಾ? ಸಕ್ರೆಬೈಲು ದಾಟುವಾಗ ನನಗೆ ಆ ಹುಡುಗನ ಮೇಲೆ ಹೊಟ್ಟೆಕಿಚ್ಚಾಯಿತು. ನಾನು ಬೈಕ್ ಕಲಿಯುವಾಗ ಹಿಂದೆ ಯಾರೂ ಇರಲಿಲ್ಲ. ಇದ್ದವರೆಲ್ಲ ಬೀಳುವುದನ್ನು ನೋಡಲು ರಸ್ತೆ ಬದಿಯಲ್ಲಿ ನಿಂತಿದ್ದರು. ಹೋಗಲಿ ಬಿಡಿ.

ಇವತ್ತು ಬೆಳಗ್ಗೆ ಷೋರೂಂನಿಂದ ಫೀಡ್‌ಬ್ಯಾಕ್ ಕಾಲ್ ಬಂತು. ಹುಡುಗ ಸ್ನಾನಕ್ಕೆ ಹೋಗಿದ್ದ, ನಾನೇ ಎತ್ತಿಕೊಂಡೆ. ಸ್ವೀಟ್ ಕೊಟ್ಟರಾ? ಸಿಬ್ಬಂದಿ ನಗುತ್ತಾ ಮಾತಾಡಿಸಿದರಾ? ಫೋಟೊ ತೆಗೆದರಾ? ‘ಅಮ್ಮಾ, ಗಾಡಿ ಓಡಿಸೋದು ಹೇಳಿಕೊಟ್ಟರಾ, ಟೈರಿನ ಗಾಳಿ ನೋಡಿದರಾ ಅಂತ ಪ್ರಶ್ನೆ ಇದೆಯಾ?’ ಅಂದೆ. ‘ಆ ಆಪ್ಷನ್ ಇಲ್ಲ ಮೇಡಂ’ ಅಂದಳು ಪಾಪದ ಹುಡುಗಿ. ಅಷ್ಟರಲ್ಲಿ ಇವನು ಬಂದು ಫೋನ್ ಕಿತ್ತುಕೊಂಡು ಎಲ್ಲಕ್ಕೂ ಹತ್ತಕ್ಕೆ ಹತ್ತು ಕೊಟ್ಟ! ಯಾಕೋ ಅಂತ ರೇಗಿದೆ. ‘ಕಡಿಮೆ ಕೊಟ್ಟರೆ ಆ ಸೇಲ್ಸ್ ಅಣ್ಣನ ಇನ್ಸೆಂಟಿವ್ ಕಟ್ ಆಗುತ್ತಂತೆ ಚಿಕ್ಕಮ್ಮ, ನಿನ್ನೆ ಹೇಳ್ತಿದ್ದರು’ ಅಂದ. ಅದನ್ನು ಮಾತ್ರ ಸರಿಯಾಗಿ ಹೇಳಿಕೊಟ್ಟಿದ್ದಾರೆ ನೋಡಿ. ಇರಲಿ. ಫಸ್ಟ್ ಸರ್ವಿಸಿಗೆ ನಾನೂ ಜೊತೆಗೆ ಹೋಗುವವಳೇ.