ವಿಜಯಪುರದ ಸೈಕಲ್ ರೇಸಿಗೆ ವರ್ಷಪೂರ್ತಿ ಮಂದಿ ಬೇಕು

ಸೈಕಲ್ ತುಳಿಯುವುದರಲ್ಲಿ ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರಿಗೆ ರಾಜ್ಯದಲ್ಲಿ ಹೆಸರಿದೆ. ನಸುಕಿನಲ್ಲಿ ಅವರು ಸಾಲಾಗಿ ಹೊರಟರೆ ಹೊಲಕ್ಕೆ ಹೋಗುವವರು ನಿಂತು ನೋಡುತ್ತಾರೆ. ರೇಸ್ ಇದೆಯೆಂದರೆ ರಸ್ತೆಯ ಬದಿಗೆ ಹಳ್ಳಿ ಮಂದಿ ನೀರಿನ ಕೊಡ ಹಿಡಿದು ಬರುತ್ತಾರೆ. ತುಳಿಯುವವರೂ ಇದ್ದಾರೆ, ನೋಡುವವರೂ ಇದ್ದಾರೆ. ರೇಸ್ ನಡೆಸಿಕೊಡುವವರು ಮಾತ್ರ ಸಾಲುವುದಿಲ್ಲ. ನಾನಿರುವ ಇಂಗ್ಲೆಂಡಿಗೂ ನಮ್ಮ ಕಡೆಗೂ ಇರುವ ನಿಜವಾದ ಅಂತರ ಇದು. ಸೈಕಲ್ಲಿನ ಬೆಲೆ, ರಸ್ತೆಯ ನುಣುಪು ಎಲ್ಲ ಆಮೇಲಿನ ಮಾತು.

ಇಲ್ಲಿ ಬೇಸಿಗೆ ಬಂದರೆ ಊರೂರಿನ ಕ್ಲಬ್ಬುಗಳು ವಾರದ ಒಂದು ಸಂಜೆ 10 ಮೈಲಿಯ ಟೈಮ್ ಟ್ರಯಲ್ ನಡೆಸುತ್ತವೆ. ಅಂದರೆ 16 ಕಿಲೋಮೀಟರ್, ನಿಮಿಷಕ್ಕೊಬ್ಬರಂತೆ ಬಿಡುವ ಒಂಟಿ ಓಟ. ನಡೆಸುವವರಿಗೆ ಸಂಬಳವಿಲ್ಲ. ರೇಸ್ ಆಡುವವನು ವರ್ಷದಲ್ಲಿ ಒಂದೆರಡು ದಿನ ಕೈಯಲ್ಲಿ ಬಾವುಟ ಹಿಡಿದು ನಿಲ್ಲಲೇಬೇಕು ಎಂಬುದು ಬಹಳ ಕ್ಲಬ್ಬುಗಳ ಕಟ್ಟುಪಾಡು. ಬರೀ ತುಳಿದು ಹೋಗುವವನಿಗೆ ಅಲ್ಲಿ ಮರ್ಯಾದೆ ಕಡಿಮೆ.

ನಮ್ಮಲ್ಲಿ ಈ ಭಾರವೆಲ್ಲ ಬೀಳುವುದು ಪಿ.ಟಿ. ಮಾಸ್ತರ ಮೇಲೆ. ನಂಬರ್ ಹಂಚುವವರು ಅವರೇ, ಸೀಟಿ ಊದುವವರು ಅವರೇ, ಗಡಿಯಾರ ನೋಡುವವರು ಅವರೇ, ಊಟದ ಲೆಕ್ಕ ಇಡುವವರೂ ಅವರೇ. ಫಲಿತಾಂಶ ಸಂಜೆಯಾದರೂ ಬರದಿದ್ದರೆ ಬೈಗುಳವೂ ಅವರಿಗೇ. ಇದು ಅನ್ಯಾಯ.

60 ಜನರ 20 ಕಿಲೋಮೀಟರ್ ಟೈಮ್ ಟ್ರಯಲ್‌ಗೆ ಎಷ್ಟು ಮಂದಿ ಬೇಕು? ಶುರುವಿನಲ್ಲಿ ಮೂವರು: ಗಡಿಯಾರಕ್ಕೊಬ್ಬರು, ಸೈಕಲ್ ಹಿಡಿಯಲು ಒಬ್ಬರು, ಮುಂದಿನವರನ್ನು ಸಾಲಿಗೆ ಕರೆತರಲು ಒಬ್ಬರು. ಮುಕ್ತಾಯದಲ್ಲಿ ಮೂವರು, ಅರ್ಧ ದಾರಿಯಲ್ಲಿ ವಾಪಸ್ ತಿರುಗುವ ತಿರುವಿನಲ್ಲಿ ಮೂವರು, ಅಡ್ಡರಸ್ತೆಗಳಿಗೆ ಆರು, ನಂಬರ್ ಮೇಜಿಗೆ ಇಬ್ಬರು, ಕೊನೆಯ ಗಾಡಿಯಲ್ಲಿ ಇಬ್ಬರು. ಒಟ್ಟು 19. ಹುಡುಗಿಯರು ಆಡುವ ರೇಸಾದರೆ ಆ ಗಾಡಿಯಲ್ಲಿ ಒಬ್ಬ ಹೆಣ್ಣುಮಗಳು ಇರಲೇಬೇಕು, ಬಿದ್ದವಳನ್ನು ಎತ್ತಿ ಕೂರಿಸಿಕೊಂಡು ಬರುವುದು ಅದೇ ಗಾಡಿ.

ಸೈಕಲ್ ಹಿಡಿಯುವ ಕೆಲಸವನ್ನು ಹಗುರವಾಗಿ ನೋಡಬೇಡಿ. ಆಟಗಾರ್ತಿಯ ಎರಡೂ ಪಾದ ಪೆಡಲಿಗೆ ಸಿಕ್ಕಿಕೊಂಡಿರುತ್ತವೆ, ತಾನಾಗಿ ನಿಲ್ಲುವ ಹಾಗಿಲ್ಲ. ಹಿಡಿಯುವವರು ಹಿಂದೆ ಕಾಲು ಅಗಲಿಸಿ ನಿಂತು, ಸೀಟಿನ ಕೆಳಗೆ ಗಟ್ಟಿ ಹಿಡಿದು ಸೈಕಲನ್ನು ನೆಟ್ಟಗೆ ಇಡಬೇಕು. ಮುಂದಿನ ಗಾಲಿ ಗೆರೆಗೆ ತಾಗಿರಬೇಕು. ‘ಮೂವತ್ತು’, ‘ಹತ್ತು’, ಆಮೇಲೆ ಐದರಿಂದ ಒಂದರವರೆಗೆ ಎಣಿಕೆ. ಮುಗಿದ ತಕ್ಷಣ ಕೈ ಬಿಡಬೇಕು, ನೂಕಬಾರದು. ಅಂತರರಾಷ್ಟ್ರೀಯ ನಿಯಮವೂ ಇದೇ: ಹಿಡಿದು ಬಿಡಬೇಕು, ತಳ್ಳಬಾರದು, ಎಲ್ಲರನ್ನೂ ಒಬ್ಬರೇ ಹಿಡಿಯಬೇಕು. ನಡುವೆ ಕೈ ಬದಲಾದರೆ ಒಬ್ಬಳಿಗೆ ನೂಕು ಸಿಗುತ್ತದೆ, ಇನ್ನೊಬ್ಬಳಿಗೆ ಸಿಗುವುದಿಲ್ಲ.

ಲೆಕ್ಕದ ಗುಟ್ಟು ನಂಬರಿನಲ್ಲೇ ಇದೆ. 6:30ಕ್ಕೆ ಶುರುವಿನದು, ಮುಕ್ತಾಯದ್ದು ಎರಡೂ ಗಡಿಯಾರವನ್ನು ಒಟ್ಟಿಗೆ ಒತ್ತಿ ಶುರು ಮಾಡಿದರೆ 1ನೇ ನಂಬರ್ ಹೊರಡುವುದು 6:31ಕ್ಕೆ, 23ನೇ ನಂಬರ್ 6:53ಕ್ಕೆ. 23ನೇ ನಂಬರ್ ಮುಗಿಸಿದಾಗ ಗಡಿಯಾರ 54 ನಿಮಿಷ 37 ಸೆಕೆಂಡ್ ತೋರಿಸಿದರೆ ಅದರಲ್ಲಿ 23 ಕಳೆಯಿರಿ: 31 ನಿಮಿಷ 37 ಸೆಕೆಂಡ್. ಶುರುವಿಗೆ ತಡವಾಗಿ ಬಂದವರಿಗೂ ಅವರ ನಿಮಿಷದಿಂದಲೇ ಲೆಕ್ಕ. ಇದನ್ನು ಬಿಟ್ಟು ಒಬ್ಬೊಬ್ಬರು ಹೊರಟಾಗ ಒಂದೊಂದು ಮೊಬೈಲ್ ಒತ್ತುವ ಕಡೆಯೇ ಫಲಿತಾಂಶ ಗೊಂದಲವಾಗುವುದು.

ಕೆಡುವುದು ಸಣ್ಣ ಸಣ್ಣ ಕಡೆ. ಎರಡು ಗಡಿಯಾರವನ್ನು ರೇಸ್ ಮುಗಿದ ಮೇಲೆ ಮತ್ತೆ ಅಕ್ಕಪಕ್ಕ ಇಟ್ಟು ನೋಡಬೇಕು, ಯಾರೂ ನೋಡುವುದಿಲ್ಲ. ಮುಕ್ತಾಯದಲ್ಲಿ ಒಬ್ಬರು ಹೊತ್ತು ಕೂಗಬೇಕು, ಒಬ್ಬರು ನಂಬರ್ ಕೂಗಬೇಕು, ಮೂರನೆಯವರು ತಲೆ ಎತ್ತದೆ ಪೆನ್ಸಿಲಿನಲ್ಲಿ ಬರೆಯಬೇಕು. ಬರೆಯುವವರು ರೇಸ್ ನೋಡಲು ಕತ್ತೆತ್ತಿದರೆ ಜೋಡಿಯಾಗಿ ಬಂದ ಇಬ್ಬರಲ್ಲಿ ಒಬ್ಬರು ತಪ್ಪಿಹೋಗುತ್ತಾರೆ. ಬೆನ್ನಿನ ನಂಬರಿಗೆ ಎರಡೇ ಪಿನ್ ಹಾಕಿದರೆ ಗಾಳಿಗೆ ಮಡಚಿಕೊಳ್ಳುತ್ತದೆ, ಓದಲು ಬರುವುದಿಲ್ಲ. ನಾಲ್ಕು ಪಿನ್ ಬೇಕು, 60 ಜನಕ್ಕೆ 240. ತಿರುವಿನಲ್ಲಿ ನಿಂತವರು ಪ್ರತಿ ನಂಬರನ್ನೂ ಬರೆದಿಡಬೇಕು. ಯಾರಾದರೂ ಅರ್ಧಕ್ಕೇ ತಿರುಗಿಬಂದರು ಎಂಬ ತಕರಾರು ಬಂದರೆ ಆ ಚೀಟಿಯೇ ಸಾಕ್ಷಿ.

ಇಂಗ್ಲೆಂಡಿನ ಸ್ವಯಂಸೇವಕರಿಗೆ ಗೊತ್ತಿಲ್ಲದ, ನಮ್ಮವರಿಗಷ್ಟೇ ಗೊತ್ತಿರಬೇಕಾದ ಕೆಲಸವೊಂದಿದೆ: ರಸ್ತೆಯ ಮೇಲಿನ ರಾಶಿ. ಸುಗ್ಗಿಯಲ್ಲಿ ರೈತರು ತೊಗರಿ, ಸೂರ್ಯಕಾಂತಿಯನ್ನು ಡಾಂಬರಿನ ಮೇಲೆ ಹರವುತ್ತಾರೆ. ರೇಸ್ ಸೈಕಲ್ಲಿನ ಟೈರ್ 25ರಿಂದ 28 ಮಿಲಿಮೀಟರ್ ಅಗಲ. ಅದರಡಿ ತೊಗರಿ ಕಾಳು ಸಿಕ್ಕರೆ ಗೋಲಿಗಳ ಮೇಲೆ ಹೋದ ಹಾಗೆ, ದಂಟು ಸಿಕ್ಕರೆ ಹಿಂದಿನ ಗೇರಿಗೆ ಸುತ್ತಿಕೊಂಡು ಗಾಲಿಯೇ ನಿಲ್ಲುತ್ತದೆ. ಬೆಳಿಗ್ಗೆ ಹೋಗಿ ‘ತೆಗೀರಿ’ ಅಂದರೆ ಜಗಳವಾಗುತ್ತದೆ, ಆಗಬೇಕಾದದ್ದೇ. ಮೂರು ದಿನ ಮೊದಲು ಕಟ್ಟೆಗೆ ಹೋಗಿ, ‘ಅಣ್ಣಾರ, ಆಯಿತವಾರ ಮುಂಜಾನೆ ಒಂಬತ್ತರ ತನಕ ನಮ್ಮ ಹುಡುಗ್ರಿಗೆ ದಾರಿ ಬಿಟ್ಟುಕೊಡ್ರಿ’ ಎಂದು ಕೇಳಿದರೆ ಇಲ್ಲವೆನ್ನುವವರು ಸಿಗುವುದು ಅಪರೂಪ. ರೇಸಿನ ದಿನ ತಿರುವಿನ ಮಣ್ಣು, ಉಸುಕು ಗುಡಿಸಲು ಕಸಬರಿಗೆ ಹಿಡಿದು ಐದೂವರೆಗೇ ಒಬ್ಬರು ಹೋಗಬೇಕು.

ಕಬ್ಬಿನ ಹಂಗಾಮು ಇನ್ನೂ ಕಠಿಣ. ತುಳಿಯಲು ಒಳ್ಳೆಯ ಹವೆ ಇರುವುದು ನವೆಂಬರಿನಿಂದ ಫೆಬ್ರುವರಿವರೆಗೆ, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಓಡಾಡುವುದೂ ಆಗಲೇ. ಹಿಂದೆ ದೀಪವಿಲ್ಲದ ಟ್ರೇಲರ್ ಮಬ್ಬಿನಲ್ಲಿ ಕಾಣುವುದೇ ಇಲ್ಲ. ಕಾರ್ಖಾನೆಗೆ ಹೋಗುವ ದಾರಿಯನ್ನು ರೇಸಿಗೆ ಆರಿಸಲೇಬಾರದು. ಬಾವುಟದವರಿಗೆ ಗಾಡಿ ನಿಲ್ಲಿಸುವ ಅಧಿಕಾರವಿಲ್ಲ, ಅದು ಪೊಲೀಸರ ಕೆಲಸ. ಇಂಗ್ಲೆಂಡಿನ ಟೈಮ್ ಟ್ರಯಲ್‌ನಲ್ಲೂ ಅಷ್ಟೆ, ತೆರೆದ ರಸ್ತೆ, ಎಚ್ಚರಿಸುವುದಷ್ಟೇ ಕೆಲಸ.

ನಮ್ಮವರಿಗೆ ಸೇವೆಯ ಮನಸ್ಸಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2023ರ ಜನವರಿಯಲ್ಲಿ ಸಿದ್ಧೇಶ್ವರ ಸ್ವಾಮೀಜಿ ಅಗಲಿದಾಗ ಬಂದ ಲಕ್ಷಾಂತರ ಭಕ್ತರಿಗೆ ಅನ್ನ, ನೀರು ಕೊಟ್ಟ ಊರು ವಿಜಯಪುರ. ಸಂಕ್ರಾಂತಿಯ ಜಾತ್ರೆಯಲ್ಲಿ ಕರೆಯದೆಯೂ ಕೈಗಳು ಬರುತ್ತವೆ. ಆದರೆ ಜಾತ್ರೆ ವರ್ಷಕ್ಕೊಮ್ಮೆ. ಕ್ರೀಡೆಗೆ ಬೇಕಾದದ್ದು ಯಾರೂ ಚಪ್ಪಾಳೆ ತಟ್ಟದ ಜುಲೈ ತಿಂಗಳಿನ ಒಂದು ಭಾನುವಾರ, ಅಡ್ಡರಸ್ತೆಯಲ್ಲಿ ಎರಡು ತಾಸು ನಿಲ್ಲುವ ಒಬ್ಬರು. ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರಲ್ಲಿ 13 ಓಟಗಾರರಿಂದ ಶುರುವಾದ ಪಾರ್ಕ್‌ರನ್ ಎಂಬ ವಾರವಾರದ ಓಟ ಶನಿವಾರದಿಂದ ಶನಿವಾರಕ್ಕೆ ನಡೆದು ಬೆಳೆದದ್ದು ಇದೇ ಬಲದ ಮೇಲೆ. ಯಾವ ಶನಿವಾರ ಯಾರು ಗಡಿಯಾರ, ಯಾರು ಎಲ್ಲರಿಗಿಂತ ಹಿಂದೆ ನಡೆದು ಬರುವವರು ಎಂಬ ಪಟ್ಟಿ ಮೊದಲೇ ಸಿದ್ಧವಾಗುತ್ತದೆ. 2012ರ ಒಲಿಂಪಿಕ್ಸಿಗೆ ಆ ಊರಿನಲ್ಲಿ 70,000 ಸ್ವಯಂಸೇವಕರು ನಿಂತರು. ವಾರವಾರ ನಿಂತು ಅಭ್ಯಾಸವಿದ್ದ ನಾಡಿಗೆ ಅದು ಕಷ್ಟವಾಗಲಿಲ್ಲ ಎಂಬುದು ನನ್ನ ಎಣಿಕೆ. ಇಲ್ಲಿಯ ಕೊರತೆಯನ್ನೂ ಹೇಳಬೇಕು. ಗಡಿಯಾರ ಹಿಡಿಯುವವರಲ್ಲಿ ಬಹಳ ಮಂದಿಗೆ ವಯಸ್ಸಾಗಿದೆ, ಹೊಸಬರು ಕಡಿಮೆ. ರಸ್ತೆಯಲ್ಲಿ ಕಾರಿನವರು ಸೈಕಲ್ಲಿನವರನ್ನು ಬೈಯುತ್ತಾರೆ, ನೀರು ಕೊಡುವವರಂತೂ ಇಲ್ಲ.

ನಮ್ಮ ಕಡೆ ಹಳೆಯ ಸೈಕ್ಲಿಸ್ಟುಗಳು ಊರೂರಲ್ಲಿ ಇದ್ದಾರೆ. ಆಡುವುದನ್ನು ಬಿಟ್ಟು ಪೊಲೀಸ್, ರೈಲ್ವೆ, ಹೊಲ, ಅಂಗಡಿ ಸೇರಿದವರು. ಮೊದಲು ಕರೆಯಬೇಕಾದದ್ದು ಅವರನ್ನು. ಮಳೆಗಾಲದಲ್ಲಿ ರೇಸ್ ಕಡಿಮೆ, ಕಲಿಸಲು ಅದೇ ಹೊತ್ತು. ಹೊಸಬರಿಗೆ ಮೊದಲ ಮೂರು ರೇಸಿನಲ್ಲಿ ಗಡಿಯಾರ ಕೊಟ್ಟು ಹಳಬರ ಪಕ್ಕ ಕೂರಿಸಿ, ಅವರ ಹಾಳೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಗಿದ ಮೇಲೆ ಎರಡೂ ಹಾಳೆ ಜೋಡಿಸಿ ನೋಡಿ. ಯಾವ ನಂಬರಿನಲ್ಲಿ ಎಷ್ಟು ಸೆಕೆಂಡ್ ವ್ಯತ್ಯಾಸ ಬಂತು, ಆ ಹೊತ್ತಿಗೆ ಅವರ ಕಣ್ಣು ಎಲ್ಲಿತ್ತು ಎಂದು ಕೇಳಿ. ನಾಲ್ಕನೆಯ ರೇಸಿಗೆ ಲೆಕ್ಕಕ್ಕೆ ಹಿಡಿಯುವ ಗಡಿಯಾರವನ್ನೇ ಅವರ ಕೈಗೆ ಕೊಡಿ.