ಓದೋದು ಆಮೇಲೆ, ಮೊದಲು ಹೆಸರು ಹುಡುಕಿ

ದೆಹಲಿಯಲ್ಲಿ ಅಧಿಕಾರದ ಪಕ್ಕದಲ್ಲೇ ಇದ್ದವರೊಬ್ಬರು ಒಳಗಿನ ಗುಟ್ಟು ಬರೆದರು ಅಂತಿಟ್ಟುಕೊಳ್ಳಿ. ಗೋಣಿಕೊಪ್ಪದ ಹೋಟೆಲ್‌ನಲ್ಲಿ ಅದರ ವಿಮರ್ಶೆ ಅದೇ ಸಂಜೆ ಮುಗಿದಿರುತ್ತದೆ. ಪುಸ್ತಕ ಕೊಡಗಿಗೆ ಬರುವುದು ಆಮೇಲೆ. ಬರದಿದ್ದರೂ ನಡೆಯುತ್ತದೆ.

ಬರುವುದು ವಾಟ್ಸ್ಆ್ಯಪ್‌ನಲ್ಲಿ ಒಂದು ಪುಟದ ಫೋಟೋ. ನಾಲ್ಕು ಸಾಲಿಗೆ ಕೆಂಪು ಗೆರೆ. ಐದನೇ ಸಾಲಿನ ಮೇಲೆ ಫೋಟೋ ತೆಗೆದವನ ಹೆಬ್ಬೆರಳು. ಅದರ ಕೆಳಗೆ ‘ಆದರೆ’ ಅಂತ ಏನಾದರೂ ಇತ್ತೋ ಏನೋ, ಅದು ಯಾರಿಗೂ ಬೇಡ.

“ನಾನು ಆವತ್ತೇ ಹೇಳಿರಲಿಲ್ವಾ ಸಾರ್?” ಅನ್ನುತ್ತಾರೆ ತೋಟದ ಯಜಮಾನರು. “ಸುಮ್ನಿರಿ ಮಾರಾಯ್ರೆ, ದುಡ್ಡಿಗೆ ಬರೆದದ್ದು, ಎಲ್ಲಾ ಸುಳ್ಳು” ಅನ್ನುತ್ತಾರೆ ನಿವೃತ್ತ ಸುಬೇದಾರರು. ಇಬ್ಬರೂ ಪುಸ್ತಕ ಮುಟ್ಟಿಲ್ಲ, ಹಾಗಾಗಿ ಜಗಳ ಸರಿಸಮ. ಮುಂದಿನ ಸಲ ಇನ್ನೊಂದು ಪಕ್ಷದವನು ಬರೆದಾಗಲೂ ಇದೇ ಎರಡು ಮಾತು. ಹೇಳುವವರು ಮಾತ್ರ ಅದಲು ಬದಲು.

ಹೋಟೆಲ್‌ನವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. 2014ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಬಿಸಿಯಲ್ಲಿ, ಸಂಜಯ ಬಾರು ಅವರ ಪುಸ್ತಕ ಬಂತು. 2004ರಿಂದ 2008ರವರೆಗೆ ಮನಮೋಹನ್ ಸಿಂಗ್ ಅವರ ಮಾಧ್ಯಮ ಸಲಹೆಗಾರರಾಗಿದ್ದವರು ಅವರು. ಪ್ರಧಾನಿ ಕಚೇರಿ ಇದು ಕಟ್ಟುಕಥೆಯ ಹಾಗಿದೆ ಅಂದಿತು. ದೊಡ್ಡ ಹುದ್ದೆಯಿಂದ ಸಿಕ್ಕ ಸಲುಗೆಯ ದುರುಪಯೋಗ ಅಂತಲೂ ಅಂದಿತು. ಅಲ್ಲ ಸ್ವಾಮಿ, ಕಟ್ಟುಕಥೆ ಬರೆಯೋಕೆ ಪ್ರಧಾನಿಯ ಸಲುಗೆ ಯಾಕೆ ಬೇಕು? ವಿರಾಜಪೇಟೆಯಲ್ಲಿ ಕೂತೇ ಬರೆಯಬಹುದಿತ್ತು.

ಆ ಕಡೆಯವರು ಬಹಳ ನಗಬೇಕಾಗಿಲ್ಲ. 2009ರ ಆಗಸ್ಟ್‌ನಲ್ಲಿ ಬಿಜೆಪಿಯ ಜಸ್ವಂತ್ ಸಿಂಗ್ ಅವರು ಪಾಕಿಸ್ತಾನ ಕಟ್ಟಿದ ಜಿನ್ನಾ ಬಗ್ಗೆ ಪುಸ್ತಕ ಬರೆದರು. ಅದು ಗುಟ್ಟು ಬಿಚ್ಚುವ ಪುಸ್ತಕವೂ ಅಲ್ಲ, ಇತಿಹಾಸ. ಬಿಡುಗಡೆಯಾಗಿ ಎರಡೇ ದಿನಕ್ಕೆ ಬಿಜೆಪಿ ಅವರನ್ನು ಪಕ್ಷದಿಂದ ಹೊರಗೆ ಹಾಕಿತು. ಅಂಥ ದಪ್ಪ ಪುಸ್ತಕ, ಎರಡು ದಿನ! 2010ರ ಜೂನ್‌ನಲ್ಲಿ ವಾಪಸ್ ಕರೆದರು. ಅಷ್ಟರಲ್ಲಿ ಯಾರೋ ಓದಿ ಮುಗಿಸಿರಬೇಕು.

ಇವರೆಲ್ಲರಿಗೂ ಹಿರಿಯರು ನೆಹರೂ ಅವರ ಆಪ್ತ ಸಹಾಯಕರಾಗಿದ್ದ ಎಂ.ಓ. ಮಥಾಯಿ. 1978ರಲ್ಲಿ ಬಂದ ಅವರ ನೆನಪುಗಳಲ್ಲಿ ಒಂದು ಅಧ್ಯಾಯವನ್ನು ಅಚ್ಚು ಹಾಕದೆ ಬಿಟ್ಟಿದ್ದರು. ಅಚ್ಚಾದ ಅಧ್ಯಾಯಗಳನ್ನು ಓದಿದವರು ನನಗೆ ಸಿಗುವುದು ಅಪರೂಪ. ಇಲ್ಲದ ಆ ಅಧ್ಯಾಯವನ್ನು ಓದಿದವರು ಮಾತ್ರ ಕೊಡಗಿನ ಯಾವ ಮದುವೆಗೆ ಹೋದರೂ ಒಬ್ಬರಾದರೂ ಇರುತ್ತಾರೆ. ಎರಡನೇ ಪೆಗ್ಗಿಗೆ ಶುರು ಮಾಡುತ್ತಾರೆ, ಪಂದಿ ಕರಿ ಬರುವಷ್ಟರಲ್ಲಿ ಪುಟಸಂಖ್ಯೆಯನ್ನೂ ಹೇಳುತ್ತಾರೆ.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: ಕುರ್ಚಿಯಲ್ಲಿದ್ದಾಗ ಇವನಿಗೆ ಬಾಯಿ ಇರಲಿಲ್ವಾ? ನ್ಯಾಯವಾದ ಪ್ರಶ್ನೆಯೇ. ಕೇಳುವವರು ಯಾರು ಅಂದರೆ, ಹೊಸ ಟಾರು ಒಂದೇ ಮಳೆಗಾಲಕ್ಕೆ ಎದ್ದು ಹೋದದ್ದನ್ನು ಕಣ್ಣಾರೆ ಕಂಡು, ಗ್ರಾಮಸಭೆಯಲ್ಲಿ ಕಾಫಿ ಕುಡಿದು ಎದ್ದು ಬಂದವರು. ಕಂಟ್ರಾಕ್ಟರು ನೆಂಟ, ಏನು ಮಾಡೋದು.

ಮೊನ್ನೆ ನಮ್ಮ ಕಡೆಯ ಮುಖಂಡರೊಬ್ಬರ ಹಳೇ ಜೀಪ್ ಡ್ರೈವರ್ ಬಸ್‌ಸ್ಟ್ಯಾಂಡಿನಲ್ಲಿ ತಮಾಷೆಗೆ ಅಂದ: “ನಾನೂ ಒಂದು ಪುಸ್ತಕ ಬರೀತೀನಿ.” ಅಷ್ಟೇ. ಮರುದಿನದಿಂದ ಅವನಿಗೆ ಬಂದ ಮರ್ಯಾದೆ ನೋಡಬೇಕಿತ್ತು. ಮೂರು ವರ್ಷದಿಂದ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವರೆಲ್ಲ ಕಾಫಿ ಕೊಡಿಸಿದರು. ಪುಸ್ತಕದಲ್ಲಿ ಏನಿದೆ ಅಂತ ಒಬ್ಬರೂ ಕೇಳಲಿಲ್ಲ. “ನನ್ನ ಹೆಸರು ಇದೆಯಾ ಅಣ್ಣ?” ಅಂತ ಕಿವಿಯಲ್ಲಿ ಕೇಳಿದವರೇ ಎಲ್ಲರೂ. ಇಲ್ಲ ಅಂದಾಗ ಇಬ್ಬರಿಗೆ ಬೇಜಾರೂ ಆಯಿತಂತೆ. ಇಷ್ಟು ವರ್ಷ ಜೊತೆಗಿದ್ದು ಒಂದು ಸಾಲೂ ಇಲ್ವಾ ಅಂತ.

ಕೊನೆಗೆ ಮುಖಂಡರೇ ಮನೆಗೆ ಹೇಳಿಕಳಿಸಿದರು. “ಏನಪ್ಪಾ, ಎಷ್ಟು ಬರೆದಿದ್ದೀಯ, ತೋರಿಸು.” ಇವನು ಜೇಬಿನಿಂದ ಹಳೇ ನೋಟ್‌ಬುಕ್ ತೆಗೆದು ಕೊಟ್ಟ. ಒಳಗೆ ಇದ್ದದ್ದು ಬರೀ ಡೀಸೆಲ್ ಲೆಕ್ಕ: ತಾರೀಕು, ಕಿಲೋಮೀಟರ್, ಹೋದ ಊರು. ಮುಖಂಡರು ಮೊದಲ ಪುಟದಿಂದ ಕೊನೇ ಪುಟದವರೆಗೆ ಒಂದು ಸಾಲೂ ಬಿಡದೆ ಓದಿದರು.